ಮಾವನ ಟ್ರಂಕಲ್ಲಿ ಸಿಕ್ಕ ಹಳೇ ಕಾಮಿಕ್ಸ್, ಹಾಳಾಗ್ದಂಗೆ ಇಡೋದು ಹೆಂಗೆ?

ಗುಬ್ಬಿಗೇಟ್_ಹುಡ್ಗ

ಎಲ್ರಿಗೂ ನಮಸ್ಕಾರ. ನಂದು ತುಮಕೂರು, ಗುಬ್ಬಿ ಗೇಟ್ ಹತ್ರ ಮನೆ. ವಿಷ್ಯ ಏನಪ್ಪಾ ಅಂದ್ರೆ ನಮ್ಮ ಸೋದರಮಾವನ ಹಳೇ ಹೆಂಚಿನ ಮನೆ ಕೆಡವ್ತಾ ಇದಾರೆ, ಅಟ್ಟ ಖಾಲಿ ಮಾಡ್ವಾಗ ಒಂದು ತಗಡಿನ ಟ್ರಂಕ್ ಸಿಕ್ತು, ಹಿತ್ತಾಳೆ ಪಾತ್ರೆ ಇರ್ಬೇಕು ಅಂತ ಅತ್ತೆ ಆಸೆಯಿಂದ ತೆಗೆದ್ರೆ ಒಳಗಡೆ ಪೂರ್ತಿ ಕಾಮಿಕ್ಸು. ಅತ್ತೆ ಮುಖ ನೋಡ್ಬೇಕಿತ್ತು ನೀವು. "ಗುಜರಿಯವ್ನಿಗೆ ಹಾಕ್ಬಿಡಪ್ಪ, ಕೆಜಿಗೆ ಎಷ್ಟೋ ಬರುತ್ತೆ" ಅಂದ್ರು. ಮಾವ ಏನೂ ಮಾತಾಡ್ಲಿಲ್ಲ, ಬಾಗಿಲಲ್ಲಿ ನಿಂತ್ಕೊಂಡು ನೋಡ್ತಾ ಇದ್ರು ಅಷ್ಟೆ. ನಾನೇ ಬೈಕಲ್ಲಿ ಎರಡು ಟ್ರಿಪ್ ಹೊಡ್ದು ಮನೆಗೆ ತಂದೆ.

ಲೆಕ್ಕ ಹಾಕ್ದೆ, ಒಟ್ಟು 143 ಇದಾವೆ. ಅಮರ ಚಿತ್ರ ಕಥೆ ಕನ್ನಡದ್ದು ಒಂದು 60, ಇಂದ್ರಜಾಲ ಕಾಮಿಕ್ಸು (ಫ್ಯಾಂಟಮ್, ಮಾಂಡ್ರೇಕ್) ಕನ್ನಡ ಇಂಗ್ಲಿಷು ಎರಡೂ ಸೇರಿ 40ರ ಮೇಲೆ, ಉಳಿದದ್ದು ಚಂದಮಾಮ. ಮಾವ ಕೆಲವನ್ನ ಹನ್ನೆರಡು ಹನ್ನೆರಡು ಸೇರಿಸಿ ಆಗಿನ ಕಾಲದಲ್ಲೇ ಬೈಂಡ್ ಮಾಡಿಸವ್ರೆ, ಬೆನ್ನಿಗೆ ಕೆಂಪು ಬಟ್ಟೆ ಅಂಟ್ಸಿ.

ಈಗ ಕಷ್ಟ ಏನಂದ್ರೆ, ಎಲ್ಲಾ ಕಂದು ಬಣ್ಣಕ್ಕೆ ತಿರುಗಿದಾವೆ, ಪಿನ್ನು ತುಕ್ಕು ಹಿಡ್ದು ಸುತ್ತ ಕಾಗದನೇ ತಿಂದಿದೆ, ಬೆಳ್ಳಗೆ ಮೀನಿನ ಥರ ಓಡುತ್ತಲ್ಲ ಆ ಹುಳ ನಾಕೈದು ಕಣ್ಣಿಗೇ ಬಿತ್ತು, ಅಡೀಲಿದ್ದ ಏಳೆಂಟು ನೀರು ಸೋರಿ ಒಂದಕ್ಕೊಂದು ಅಂಟ್ಕೊಂಡು ಹಲಗೆ ಥರ ಆಗಿದಾವೆ. ವಾಸನೆ ಬೇರೆ, ಮುಗ್ಗಲು. ಸದ್ಯಕ್ಕೆ ಟೆರೇಸಲ್ಲಿ ಚಾಪೆ ಹಾಸಿ ಬಿಸಿಲಿಗೆ ಹರಡಿದೀನಿ. ನಮ್ಮ ಏರಿಯಾ ಜೆರಾಕ್ಸ್ ಅಂಗಡಿಯವ್ನು ಪೇಜಿಗೆ ಇಷ್ಟು ಅಂತ ಲ್ಯಾಮಿನೇಶನ್ ಮಾಡ್ಕೊಡ್ತೀನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂತವ್ನೆ. ಮಾಡಿಸ್ಲಾ? ಇಲ್ಲ ನುಸಿಗುಳಿಗೆ ಹಾಕಿ ಟ್ರಂಕಲ್ಲೇ ಇಡ್ಲಾ? ಗೊತ್ತಿರೋರು ಹೇಳಿ ಪ್ಲೀಸ್.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಗುರೂ ಮೊದ್ಲು ಹೋಗಿ ಟೆರೇಸಿಂದ ಎತ್ಕೊಂಡ್ ಬಾ. ಅದೇನು ಹಪ್ಪಳ ಸಂಡಿಗೆನಾ. ಬಿಸಿಲು ಬಿದ್ರೆ ಬಣ್ಣ ಹೋಗುತ್ತೆ, ಕಾಗದ ಇನ್ನೂ ಬೇಗ ಹಳದಿ ಆಗಿ ಪುಡಿ ಆಗುತ್ತೆ.

ಲ್ಯಾಮಿನೇಶನ್ ಅಂತೂ ಕನಸಲ್ಲೂ ಬೇಡ. ನಾನು ಮಾಡಿಸಿ ಕೂತಿದೀನಿ ಕೇಳು. ನಂದು 14 ಫ್ಯಾಂಟಮ್ ಇದ್ವು, ಪಿನ್ನು ಕಿತ್ತು, ಒಂದೊಂದು ಹಾಳೆ ಬೇರೆ ಮಾಡಿ, ಬಿಸಿ ಲ್ಯಾಮಿನೇಶನ್ ಮಾಡಿಸ್ದೆ, ಆಮೇಲೆ ಸ್ಪೈರಲ್ ಹಾಕಿಸ್ದೆ, ಆವತ್ತು ಏನ್ ಖುಷಿ ಅಂತೀಯ, ಫಳಫಳ ಅಂತಿತ್ತು. ಆರೇಳು ವರ್ಷ ಆದ್ಮೇಲೆ ತೆಗೆದು ನೋಡಿದ್ರೆ ಒಳಗಿನ ಕಾಗದ ಹಾಗೇ ಕಂದು ಆಗ್ತಾ ಹೋಗಿದೆ, ಮೂಲೇಲಿ ಗುಳ್ಳೆ ಎದ್ದಿದೆ, ಫ್ಯಾಂಟಮ್ಮು ಐಡಿ ಕಾರ್ಡ್ ಒಳಗೆ ಸಿಕ್ಕಾಕ್ಕೊಂಡಂಗೆ ಕಾಣ್ತಾನೆ. ಬಿಚ್ಚೋಣ ಅಂದ್ರೆ ಪ್ಲಾಸ್ಟಿಕ್ ಜೊತೆ ಮುದ್ರಣನೇ ಎದ್ದು ಬರುತ್ತೆ. ಕಾಗದ ಒಳಗಿಂದ್ಲೇ ಹಾಳಾಗೋದು, ಹೊರಗೆ ಮುಚ್ಚಿದ್ರೆ ನಿಲ್ಲಲ್ಲ ಅನ್ನೋದು ಆಗ ಯಾರೂ ಹೇಳ್ಲಿಲ್ಲ ನಂಗೆ. ಈಗ ಅದು ಪುಸ್ತಕಾನೂ ಅಲ್ಲ ಪ್ಲಾಸ್ಟಿಕ್ಕೂ ಅಲ್ಲ.

ಬಾಕಿ ವಿಷ್ಯ ಲೈಬ್ರರಿ ಮೇಡಂ ಬಂದು ಹೇಳ್ತಾರೆ ಇರು, ಅವ್ರಿಗೆ ಗೊತ್ತು.

ಲೈಬ್ರರಿ_ಮೇಡಂ

ತಮ್ಮಾ, ಮೊದಲು ಸಮಾಧಾನ. 143 ಪುಸ್ತಕ ಹೆಂಚಿನ ಮನೆ ಅಟ್ಟದಲ್ಲಿ ಇಷ್ಟು ವರ್ಷ ಉಳ್ಕೊಂಡಿವೆ ಅಂದ್ರೆ ಇನ್ನೊಂದು ವಾರದಲ್ಲಿ ಏನೂ ಆಗಲ್ಲ. ಅವಸರದಲ್ಲಿ ನಾವು ಮಾಡೋ ರಿಪೇರಿಯಿಂದಲೇ ಜಾಸ್ತಿ ಹಾಳಾಗೋದು, ನಾನು ಕಾಲೇಜು ಲೈಬ್ರರೀಲಿ ಇದ್ದಷ್ಟು ದಿನ ಸೆಲೋಟೇಪ್ ತೆಗೆಯೋದ್ರಲ್ಲೇ ಅರ್ಧ ಆಯಸ್ಸು ಕಳೆದೆ.

ಆ ಟ್ರಂಕು, ಹುಳ ಕಂಡ ಪುಸ್ತಕ, ಇವನ್ನ ನಿನ್ನ ಬೇರೆ ಪುಸ್ತಕಗಳಿರೋ ರೂಮಿಗೆ ತರಬೇಡ. ಆ ಬೆಳ್ಳಿ ಹುಳಕ್ಕೆ ಕಾಗದಕ್ಕಿಂತ ಅಂಟು, ಗಂಜಿ ಅಂದ್ರೆ ಇಷ್ಟ. ಅದಕ್ಕೇ ನಿಮ್ಮ ಮಾವನ ಬೈಂಡಿಂಗ್ ಬೆನ್ನನ್ನ ಮೊದ್ಲು ಪರೀಕ್ಷೆ ಮಾಡು. ಆದ್ರೆ ಹಳೇ ಬೈಂಡರ್‌ಗಳು ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕ್ತಿದ್ರು, ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೀತಾರಲ್ಲ ಅದೇ ಮೈಲುತುತ್ತ. ಅಂಥ ಬೈಂಡು ಆಗಿದ್ರೆ ಹುಳ ಹತ್ರ ಸುಳಿದಿರಲ್ಲ. ನೋಡಿ ಹೇಳು, ನಂಗೂ ಕುತೂಹಲ.

ಹುಳ, ಅದರ ಮೊಟ್ಟೆ ಎರಡೂ ಸಾಯಬೇಕು ಅಂದ್ರೆ ಔಷಧಿ ಸಿಂಪಡಿಸೋದಲ್ಲ, ಫ್ರೀಜರ್. ಹೌದು, ನಿಮ್ಮ ಮನೆ ಫ್ರೀಜರೇ. ಆದ್ರೆ ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಲದು, ಮೈನಸ್ 18 ಡಿಗ್ರಿಗೆ ಹೋಗೋ ಡಬಲ್ ಡೋರ್ ಬೇಕು. ಐದಾರು ಪುಸ್ತಕ ಒಂದು ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಅದರ ಮೇಲೆ ಇನ್ನೊಂದು ಕವರ್ ಹಾಕಿ, ಎರಡು ವಾರ ಬಿಟ್ಟುಬಿಡು. ಹೊರಗೆ ತೆಗೆದ ತಕ್ಷಣ ಬಿಚ್ಚಬೇಡ, ಇದು ಮುಖ್ಯ. ಒಂದು ದಿನ ಪೂರ್ತಿ ಕವರಲ್ಲೇ ಇರಲಿ, ಇಲ್ಲಾಂದ್ರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತೆ, ಸೋಡಾ ಬಾಟಲಿ ಮೇಲೆ ಕೂರಲ್ವ ಹಾಗೆ. ಒದ್ದೆ ಇರೋದನ್ನ, ಬೂಷ್ಟು ಹಿಡಿದಿರೋದನ್ನ ಮೊದಲು ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ ಆಮೇಲೆ ಹಾಕು. ಬೂಷ್ಟು ಪೂರ್ತಿ ಒಣಗಿ ಪುಡಿ ಆದ್ಮೇಲೆ ಮನೆ ಹೊರಗೆ ಕೂತು, ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಷ್‌ನಲ್ಲಿ ಝಾಡಿಸು. ಹಸಿ ಇರುವಾಗ ಒರೆಸಿದ್ರೆ ಕಾಗದದೊಳಕ್ಕೆ ಇನ್ನೂ ಹತ್ತಿಕೊಳ್ಳುತ್ತೆ.

ಪಿನ್ನು. ಮುಂದಿನಿಂದ ಎಳೀಬೇಡ, ಆಫೀಸಲ್ಲಿ ಇರುತ್ತಲ್ಲ ಹಲ್ಲಿನ ರಿಮೂವರ್, ಅದನ್ನಂತೂ ಮುಟ್ಟಬೇಡ. ಪುಸ್ತಕದ ನಡುವಿನ ಹಾಳೆ ತೆರೆದು, ಪಿನ್ನಿನ ಎರಡು ಕಾಲನ್ನ ಮೊಂಡು ಚಾಕುವಿನ ತುದಿಯಲ್ಲಿ ನಿಧಾನ ಎತ್ತಿ ನೆಟ್ಟಗೆ ಮಾಡಿ, ಹಿಂದಕ್ಕೆ ನೂಕಿ ತೆಗಿ. ತುಕ್ಕು ಪುಡಿ ಉದುರುತ್ತೆ, ಕೈಯಲ್ಲಿ ಒರೆಸದೆ ಬ್ರಷ್‌ನಲ್ಲಿ ತೆಗಿ, ಒರೆಸಿದ್ರೆ ಕೆಂಪು ಗೆರೆ ಉಳಿಯುತ್ತೆ. ಮತ್ತೆ ಪಿನ್ನು ಹೊಡೀಬೇಡ, ಇದ್ದ ತೂತಲ್ಲೇ ಬಿಳಿ ಹತ್ತಿ ದಾರ ಪೋಣಿಸಿ ಒಳಗಡೆ ಸಡಿಲವಾಗಿ ಗಂಟು ಹಾಕಿದ್ರೆ ಸಾಕು. ತುಕ್ಕು ಹಿಡಿಯದ ಪಿನ್ನು ಇದ್ರೆ ಹಾಗೇ ಬಿಡು, ಸುಮ್ಮನೆ ಕೆರೆಯಬಾರದು.

ಅಂಟ್ಕೊಂಡಿರೋ ಆ ಏಳೆಂಟನ್ನ ಬಿಡಿಸಕ್ಕೆ ಹೋಗಬೇಡ. ನುಣುಪು ರಟ್ಟಿನ ಕವರ್ ಒದ್ದೆಯಾಗಿ ಒಣಗಿದ್ರೆ ಅಂಟು ಹಾಕಿದಂಗೇ. ಒಣಗಿದ್ದನ್ನ ಎಳೆದ್ರೆ ಎರಡರ ಚಿತ್ರಾನೂ ಹರಿಯುತ್ತೆ. ಕಾಗದ ರಿಪೇರಿ ಕಲಿತವರು ಸಿಗೋ ತನಕ ಹಾಗೇ ಇಡು.

ಕೊರಟಗೆರೆ_ಸೀಮೆ

ಮೇಡಂ ಹೇಳಿದ್ದೆಲ್ಲಾ ಸರಿ, ಆದ್ರೆ ಒಂದು ನಮ್ಮೂರ ಐಟಂ ಮರೆತ್ರು. ಬಜೆ! ಕೊರಟಗೆರೆ ಕಡೆ ಗದ್ದೇಲಿ ಬೆಳೀತೀವಿ ನಾವು, ಭತ್ತದ ಥರ ನೀರು ನಿಲ್ಸಿ. ಮಕ್ಳಿಗೆ ತೇಯ್ದು ನೆಕ್ಕಿಸ್ತಾರಲ್ಲ ಅದೇ ಬೇರು. ಹಿಂದೆ ತಾಳೆಗರಿ ಕಟ್ಟುಗಳ ಜೊತೆ ಇದನ್ನೇ ಇಡ್ತಿದ್ದದ್ದು ಹುಳ ಬರ್ದಂಗೆ. ನಮ್ಮಜ್ಜಿ ರೇಷ್ಮೆ ಸೀರೆ ಪೆಟ್ಟಿಗೇಲಿ ಬಟ್ಟೆ ಗಂಟು ಕಟ್ಟಿ ಇಟ್ಟಿರೋರು, ಇವತ್ತಿಗೂ ಆ ಪೆಟ್ಟಿಗೆ ತೆಗೆದ್ರೆ ಅದೇ ಘಮ. ನುಸಿಗುಳಿಗೆಗಿಂತ ಸಾವಿರ ಪಾಲು ವಾಸಿ. ಒಣಗಿದ ಬೇರು ಚಿಕ್ಕ ಚಿಕ್ಕ ತುಂಡು ಮಾಡಿ ತೆಳು ಪಂಚೆ ಬಟ್ಟೇಲಿ ಕಟ್ಟಿ ಮೂಲೆಗಿಟ್ರೆ ಆಯ್ತು, ಆರು ತಿಂಗ್ಳಿಗೊಂದ್ಸಲ ಬದ್ಲಾಯಿಸ್ಬೇಕು. ಬೇವಿನ ಸೊಪ್ಪು ಇಡೋರೂ ಇದಾರೆ ಆದ್ರೆ ಅರೆಬರೆ ಒಣಗಿದ್ದು ಇಟ್ಬಿಟ್ರೆ ಅದೇ ಬೂಷ್ಟು ಹಿಡಿಯುತ್ತೆ, ಹುಷಾರು.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ನುಸಿಗುಳಿಗೆ ಏನ್ ಪಾಪ ಮಾಡ್ತು ಗುರೂ, ನಮ್ಮನೇಲಿ ಎಲ್ಲಾ ಕಡೆ ಅದೇ.

ಲೈಬ್ರರಿ_ಮೇಡಂ

ನುಸಿಗುಳಿಗೆ ಗಾಳಿ ಉಸಿರಾಡೋರಿಗೇ ಒಳ್ಳೇದಲ್ಲಪ್ಪ, ಚಿಕ್ಕ ಮಕ್ಕಳಿದ್ರಂತೂ ಬೇಡವೇ ಬೇಡ. ಮುಚ್ಚಿದ ಪೆಟ್ಟಿಗೇಲಿ ಅದರ ಆವಿ ಕೆಲವು ಥರದ ಪ್ಲಾಸ್ಟಿಕ್ ಕವರನ್ನ ಮೆತ್ತಗೆ ಮಾಡುತ್ತೆ, ವಾಸನೆ ಕಾಗದಕ್ಕೆ ಹಿಡಿದ್ರೆ ವರ್ಷಗಟ್ಟಲೆ ಹೋಗಲ್ಲ. ಬಜೆ ಇಡಬಹುದು, ಆದ್ರೆ ಕಾಗದಕ್ಕೆ ನೇರ ತಗುಲಬಾರದು, ಎಣ್ಣೆ ಅಂಶ ಇದೆ, ಕಲೆ ಆಗುತ್ತೆ. ಮತ್ತೆ ಬಜೆ ಇಟ್ಟಿದೀನಿ ಅಂತ ವರ್ಷಗಟ್ಟಲೆ ತೆಗೆದು ನೋಡದೇ ಇರೋರೇ ಜಾಸ್ತಿ. ಅಜ್ಜಿ ಪೆಟ್ಟಿಗೆ ಚೆನ್ನಾಗಿದ್ದದ್ದು ಬಜೆಯಿಂದ ಅರ್ಧ, ಹಬ್ಬ ಹಬ್ಬಕ್ಕೂ ಸೀರೆ ತೆಗೆದು ಕೊಡವಿ ಮಡಚಿಡ್ತಿದ್ರಲ್ಲ ಅದರಿಂದ ಅರ್ಧ.

ಗುಬ್ಬಿಗೇಟ್_ಹುಡ್ಗ

ಟೆರೇಸಿಂದ ಎತ್ತಿದೆ, ಬೈಬೇಡಿ. ಮೇಡಂ ನೀವು ಹೇಳಿದ ಬೈಂಡು ನೋಡಿದೆ, ಬೆನ್ನು ಒಳಗಡೆ ಅಂಟು ನಿಜವಾಗ್ಲೂ ತೆಳು ಹಸಿರು ನೀಲಿ ಕಾಣುತ್ತೆ! ಒಂದು ತೂತೂ ಇಲ್ಲ. ಅದೇ ಟ್ರಂಕಲ್ಲಿ ಪಕ್ಕದಲ್ಲಿದ್ದ ಬಿಡಿ ಚಂದಮಾಮ ಎಲ್ಲಾ ಜರಡಿ ಆಗಿದಾವೆ. ಬೈಂಡು ಬಿಚ್ಚಿ ಒಂದೊಂದಾಗಿ ಇಟ್ರೆ ಒಳ್ಳೇದಾ?

ಇನ್ನೊಂದು. ಒಂದು ಅಮರ ಚಿತ್ರ ಕಥೆಗೆ ಮೇಲಿನ ರಟ್ಟೇ ಇಲ್ಲ, ಒಳಗಡೆ ನೋಡಿದ್ರೆ ಸಿಂಡ್ರೆಲ್ಲಾ ಕಥೆ, ಕುಂಬಳಕಾಯಿ ಗಾಡಿ ಆಗೋದು. ಅಮರ ಚಿತ್ರ ಕಥೇಲಿ ಇಂಗ್ಲಿಷ್ ಕಥೆ ಎಲ್ಲಿ ಬಂತು? ಡೂಪ್ಲಿಕೇಟಾ ಇದು? ಹಂಗಾದ್ರೆ ಇದನ್ನ ಪ್ರಾಕ್ಟೀಸಿಗೆ ಇಟ್ಕೊಂಡು ಪಿನ್ನು ತೆಗೆಯೋದು ಕಲೀತೀನಿ.

ತಿಪಟೂರು_ಟು_ಬೆಂಗಳೂರು

ಅಣ್ಣಾ ಕೈ ತೆಗಿ ಅದರ ಮೇಲಿಂದ!!

ಡೂಪ್ಲಿಕೇಟ್ ಅಲ್ಲ, ನಿನ್ನ ಟ್ರಂಕಲ್ಲಿ ಇರೋದ್ರಲ್ಲಿ ಅದೇ ದೊಡ್ಡದು ಇರ್ಬೋದು. ಎಲ್ರೂ ಅಮರ ಚಿತ್ರ ಕಥೆ ಶುರುವಾಗಿದ್ದು 1967ರಲ್ಲಿ ಇಂಗ್ಲಿಷಲ್ಲಿ, ಅನಂತ ಪೈ ಅವರಿಂದ, ಅಂತಾರೆ. ಆದ್ರೆ ಅದಕ್ಕೂ ಮುಂಚೆ 1965ರಲ್ಲಿ ಬೆಂಗಳೂರಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಐಡಿಯಾದಿಂದ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಮೊದಲ ಹತ್ತು ಪೂರ್ತಿ ವಿದೇಶಿ ಕಥೆಗಳೇ, ಸಿಂಡ್ರೆಲ್ಲಾ, ಅಲ್ಲಾದೀನ, ಪಿನೋಕಿಯೋ ಹೀಗೆ. ಅದಕ್ಕೇ ಇಂಗ್ಲಿಷ್ ಸರಣಿಯ ಮೊದಲನೇ ಪುಸ್ತಕ ಕೃಷ್ಣನಿಗೆ ನಂಬರ್ 1 ಅಲ್ಲ, 11 ಇರೋದು. ಹತ್ತು ನಂಬರ್ ಎಲ್ಲೋಯ್ತು ಅಂತ ಉತ್ತರದವ್ರು ತಲೆ ಕೆಡಿಸ್ಕೊಂಡ್ರೆ ಉತ್ತರ ನಮ್ಮ ಕನ್ನಡದಲ್ಲಿ ಇದೆ.

ನಿಂದು ಆಗಿನ ಮುದ್ರಣನೇ ಅಂತ ಇಲ್ಲಿಂದ ಹೇಳಕ್ಕಾಗಲ್ಲ, ಕೊನೇ ಪೇಜಲ್ಲಿ ಕೆಳಗೆ ಚಿಕ್ಕ ಅಕ್ಷರದಲ್ಲಿ ಮುದ್ರಕರ ಹೆಸರು, ವಿಳಾಸ, ಬೆಲೆ ಇದ್ರೆ ಫೋಟೋ ಹಾಕು. ಅದರ ಮೇಲೆ ಪೆನ್ನಲ್ಲಿ ನಿಮ್ಮ ಮಾವ ಹೆಸರು ಬರೆದಿದ್ರೆ ಅಳಿಸ್ಬೇಡ. ರಬ್ಬರ್ ಹಾಕ್ಬೇಡ, ಕೊಳೆ ಅಂತ ಒದ್ದೆ ಬಟ್ಟೇಲಿ ಒರೆಸ್ಬೇಡ. ಪ್ರಾಕ್ಟೀಸ್ ಬೇಕಂದ್ರೆ ಹೋದ ವರ್ಷದ ಯಾವ್ದಾದ್ರೂ ವಾರಪತ್ರಿಕೆ ತಗೋ.

ಮಾವನ ಬೈಂಡು ಬಿಚ್ಬೇಡ. ಬೈಂಡರು ಆಗ್ಲೇ ಅಂಚು ಕತ್ತರಿಸಿರ್ತಾನೆ, ಬೆನ್ನಲ್ಲಿ ತೂತು ಹೊಡೆದು ಹೊಲಿದಿರ್ತಾನೆ, ಬಿಚ್ಚಿದ್ರೆ ಕತ್ತರಿಸಿದ ಅಂಚು ವಾಪಸ್ ಬರುತ್ತಾ? ಮಾವ ಮಾಡಿಸಿದ್ದು, ಅದಕ್ಕೂ ಒಂದು ಕಥೆ ಇರುತ್ತೆ.

ಬಿಡಿ ಪುಸ್ತಕಗಳಿಗೆ ಕವರ್ ಹೇಳ್ತೀನಿ. ಪಿವಿಸಿ ಬೇಡ. ಗೊತ್ತಾಗೋದು ಹೆಂಗೆ ಅಂದ್ರೆ ಹೊಸಾ ರೇನ್‌ಕೋಟ್ ವಾಸನೆ ಬರುತ್ತೆ, ಮುಟ್ಟಿದ್ರೆ ಮೆತ್ತಗೆ ಜಿಗುಟು. ಅದು ನಾಕು ವರ್ಷಕ್ಕೆ ಬೆವರಿದಂಗಾಗಿ ಮುಖಪುಟದ ಶಾಯಿನ ಎಳ್ಕೊಳ್ಳುತ್ತೆ. ಬೇಕಾಗಿರೋದು ಷರ್ಟು ಸೀರೆ ಪ್ಯಾಕ್ ಮಾಡೋ ಚರಚರ ಅನ್ನೋ ಕವರು, ಅಂಗಡೀಲಿ ಬಿಓಪಿಪಿ ಕವರ್ ಅಂತ ಕೇಳು, ಪಾಲಿಪ್ರೊಪಿಲೀನ್ ಅದು. ತುಮಕೂರಲ್ಲೇ ಬಟ್ಟೆ ಅಂಗಡಿಗಳಿಗೆ ಕವರ್ ಹಾಕೋ ಹೋಲ್‌ಸೇಲ್ ಪ್ಲಾಸ್ಟಿಕ್ ಅಂಗಡಿಗಳಲ್ಲಿ ನೂರರ ಕಟ್ಟು ಸಿಗುತ್ತೆ, ಪುಸ್ತಕದ ಅಳತೆ ತಗೊಂಡು ಹೋಗು, ಹಳೇ ಇಂದ್ರಜಾಲ ಎಲ್ಲಾ ಒಂದೇ ಸೈಜ್ ಇಲ್ಲ. ಆ ಕವರ್ ಬಾಯಲ್ಲಿ ಅಂಟಿನ ಪಟ್ಟಿ ಇರುತ್ತೆ ನೋಡು, ಅದೇ ಶತ್ರು. ಪುಸ್ತಕ ಹೊರಗೆ ಎಳೆಯುವಾಗ ಮುಖಪುಟ ಅದಕ್ಕೆ ಕಚ್ಕೊಂಡು ಪರ್ ಅಂತ ಹರಿಯುತ್ತೆ, ನಂದು ಒಂದು ಮಾಂಡ್ರೇಕ್ ಟೋಪಿ ಹೋಗಿದ್ದು ಹಂಗೇ. ಅಂಟಿನ ಪಟ್ಟಿ ಇರೋ ಭಾಗ ಕತ್ತರಿಸಿ ಹಾಕಿ, ಬಾಯಿ ಸುಮ್ಮನೆ ಹಿಂದಕ್ಕೆ ಮಡಚಿಡು.

ಬೆನ್ನಿಗೆ ಆಸರೆ ಬೇಕು ಅಂತ ಷರ್ಟ್ ಒಳಗೆ ಬರೋ ರಟ್ಟು, ಲಗ್ನಪತ್ರಿಕೆ ರಟ್ಟು ಹಾಕ್ಬೇಡ, ಅದರಲ್ಲಿರೋ ಆಸಿಡ್ ಕಾಮಿಕ್ಸಿಗೆ ಇಳಿದು ಕಂದು ಮಚ್ಚೆ ಬರುತ್ತೆ. ಆಸಿಡ್ ಫ್ರೀ ಅಂತ ಬರೆದಿರೋ ಬೋರ್ಡೇ ತಗೋ, ಚಿತ್ರ ಬರೆಯೋ ಸಾಮಾನಿನ ಅಂಗಡೀಲಿ ಅದೇ ಥರದ ದಪ್ಪ ಕಾಗದ ಸಿಗುತ್ತೆ. ದುಡ್ಡು ಜಾಸ್ತಿ, ಹಂಗಾಗಿ ಎಲ್ಲಾ 143ಕ್ಕೂ ಬೇಡ, ಮುಖ್ಯವಾದ ಇಪ್ಪತ್ತಕ್ಕೆ ಹಾಕು.

ಶಿರಾಗೇಟ್_ಸಿನಿಕ

ಇಷ್ಟೆಲ್ಲಾ ಯಾಕ್ರೀ, ಎಲ್ಲಾ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಪುಸ್ತಕ ಮಾರ್ಬಿಡ್ಲಿ. ಒಳ್ಳೇ ರೇಟು ಬರುತ್ತೆ ಈಗ.

ತಿಪಟೂರು_ಟು_ಬೆಂಗಳೂರು

ಸ್ಕ್ಯಾನ್ ಮಾಡ್ಲಿ, ಅದು ಒಳ್ಳೇದೇ, ಮತ್ತೆ ಮತ್ತೆ ಪುಸ್ತಕ ಮುಟ್ಟೋದು ತಪ್ಪುತ್ತೆ. ಆದ್ರೆ ಜೆರಾಕ್ಸ್ ಮೆಷಿನ್ ಥರದ ಸ್ಕ್ಯಾನರಿಗೆ ಕವುಚಿ ಒತ್ತಿದ್ರೆ ಬೆನ್ನು ಮುರಿಯುತ್ತೆ, ಕಿಟಕಿ ಹತ್ರ ಕೂತು ಫ್ಲ್ಯಾಶ್ ಇಲ್ದೆ ಫೋನಲ್ಲಿ ತೆಗೆದ್ರೆ ಸಾಕು. ಪಿಡಿಎಫ್ ಮಾಡಿ ಗ್ರೂಪಿಗೆಲ್ಲಾ ಹಂಚೋದು ಬೇಡ, ಕಾಪಿರೈಟ್ ಇದೆ ಅವಕ್ಕೆ. ಮಾರೋದು ಬಿಡೋದು ಅವ್ರ ಮಾವನ್ನ ಕೇಳ್ಲಿ, ನೀನ್ಯಾರು ನಾನ್ಯಾರು.

ಲೈಬ್ರರಿ_ಮೇಡಂ

ಎಲ್ಲಿ ಇಡಬೇಕು ಅನ್ನೋದು ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ಮತ್ತೆ ಅಟ್ಟ ಬೇಡ, ಬೇಸಿಗೇಲಿ ಒಲೆ ಆಗುತ್ತೆ. ಬಾತ್‌ರೂಮ್ ಗೋಡೆಗೆ, ಹೊರಗೋಡೆಗೆ ತಗುಲಿಸಿ ಇಡಬೇಡ, ನಮ್ಮ ಕಡೆ ವರ್ಷಪೂರ್ತಿ ಒಣ ಹವೆ ಅಂತ ಮೈಮರೆತು ಕೂತಿದ್ರೆ ಹಸ್ತ ಚಿತ್ತೆ ಮಳೆ ಹಿಡ್ಕೊಂಡಾಗ ಗೋಡೆ ಒಂದೇ ವಾರದಲ್ಲಿ ತೇವ ಕುಡಿಯುತ್ತೆ. ಒಳಗಿನ ರೂಮಲ್ಲಿ ಕಬ್ಬಿಣದ ಬೀರು, ನೆಲದಿಂದ ಒಂದು ಗೇಣು ಮೇಲೆ. ಗೆದ್ದಲು ಬರೋದು ನೆಲದಿಂದ, ಗೋಡೆ ಹಿಡ್ಕೊಂಡು. ತೇವ ತೋರಿಸೋ ಚಿಕ್ಕ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತೆ, ಒಂದು ಒಳಗಿಡು. 40ರಿಂದ 50 ಪರ್ಸೆಂಟ್ ಒಳ್ಳೇದು, 65 ದಾಟಿ ನಿಂತ್ರೆ ಬೂಷ್ಟು ಬಂತು ಅಂತ ಲೆಕ್ಕ.

ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಪೊಟ್ಟಣ ಕೂಡಿಟ್ಟು ಹಾಕ್ತಾರೆ ಎಲ್ಲರೂ, ಅದು ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತೆ, ಪ್ರಯೋಜನ ಇಲ್ಲ. ಕಿತ್ತಳೆ ಬಣ್ಣದ ಹರಳು ಸಿಗುತ್ತೆ, ತೇವ ಎಳ್ಕೊಂಡ ಮೇಲೆ ಹಸಿರಿಗೆ ತಿರುಗುತ್ತೆ, ಓವನ್‌ನಲ್ಲಿ ಕಾಯಿಸಿದ್ರೆ ಮತ್ತೆ ಕಿತ್ತಳೆ. ನೀಲಿ ಹರಳಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳಿರೋ ಮನೇಲಿ ಬೇಡ. ಪುಸ್ತಕಾನ ನೆಟ್ಟಗೆ ನಿಲ್ಲಿಸು, ಓರೆಯಾಗಿ ಬಾಗೋಕೆ ಬಿಡಬೇಡ, ನಿಲ್ಲೋಷ್ಟು ಗಟ್ಟಿ ಇಲ್ಲ ಅಂದ್ರೆ ಹತ್ತು ಹದಿನೈದರ ಚಿಕ್ಕ ಗುಡ್ಡೆ ಮಾಡಿ ಮಲಗಿಸು.

ಕಾಗದ ಕಂದು ಆಗಿರೋದು ವಾಪಸ್ ಬಿಳಿ ಆಗಲ್ಲ, ಅದಕ್ಕೆ ಬ್ಲೀಚು ಗೀಚು ಅಂತ ಹೋಗಬೇಡ. ಅದು ನ್ಯೂಸ್‌ಪ್ರಿಂಟು, ಮರಾನ ಹಾಗೇ ಅರೆದು ಮಾಡಿದ್ದು, ಮರದ ಲಿಗ್ನಿನ್ ಅದರಲ್ಲೇ ಉಳಿದಿರುತ್ತೆ, ಗಾಳಿ ಬೆಳಕು ತಾಗಿ ಕಂದಾಗೋದು ಅದೇ. ಕತ್ತಲೆ, ತಂಪು ಇದ್ರೆ ನಿಧಾನ ಆಗುತ್ತೆ, ನಿಲ್ಲಲ್ಲ.

ಗುಬ್ಬಿಗೇಟ್_ಹುಡ್ಗ

ಎಲ್ರಿಗೂ ಥ್ಯಾಂಕ್ಸ್, ಅಪ್‌ಡೇಟ್ ಕೊಡ್ತೀನಿ. ಮೊದಲ ಕಂತು 30 ಪುಸ್ತಕ ಫ್ರೀಜರಿಗೆ ಹಾಕಿದೆ, ಅಮ್ಮ ಹಿತಕಿದ ಅವರೆಬೇಳೆ ಕವರ್ ಮಾಡಿ ವರ್ಷಕ್ಕಾಗೋಷ್ಟು ತುಂಬಿಟ್ಟಿದ್ರು, ಅದನ್ನ ಒಂದು ಮೂಲೆಗೆ ಒತ್ತಿ ಜಾಗ ಮಾಡಿದ್ದಕ್ಕೆ ಮನೇಲಿ ದೊಡ್ಡ ರಾಮಾಯಣ. ಮೊನ್ನೆ ನೆಂಟ್ರು ಬಂದಾಗ ಅಮ್ಮ ಕತ್ತಲಲ್ಲಿ ಕೈ ಹಾಕಿ ಅವರೆಬೇಳೆ ಅಂತ ಫ್ಯಾಂಟಮ್ ಕವರ್ ತೆಗೆದು ಬಿಸಿನೀರಿಗೆ ಹಾಕೋದ್ರಲ್ಲಿದ್ರಂತೆ, ಪುಣ್ಯಕ್ಕೆ ತಂಗಿ ನೋಡಿದ್ಳು. ಈಗ ಕವರ್ ಮೇಲೆ ದಪ್ಪಗೆ "ಬೇಯಿಸಬೇಡಿ" ಅಂತ ಬರೆದು ಅಂಟ್ಸಿದೀನಿ.

ಸಿಂಡ್ರೆಲ್ಲಾ ಕೊನೇ ಪೇಜು ಅರ್ಧ ಹರಿದೋಗಿದೆ, ಮುದ್ರಕರ ಸಾಲು ಇರೋ ಜಾಗನೇ ಹೋಗಿದೆ. ಫೋಟೋ ತೆಗೆದು ಮಾವನಿಗೆ ಕಳ್ಸಿದ್ದೆ. ಫೋನ್ ಮಾಡಿದ್ರು. ರಟ್ಟು ಕಿತ್ತದ್ದು ಅವರೇ ಅಂತೆ, ಮೂರನೇ ಕ್ಲಾಸಲ್ಲಿ ಗಾಳಿಪಟಕ್ಕೆ. ಭಾನುವಾರ ಬರ್ತಾರಂತೆ, ಆ ಅಂಟ್ಕೊಂಡಿರೋ ಏಳೆಂಟು ಯಾವ್ಯಾವ್ದು ಅಂತ ಬಿಚ್ಚದೇ ಹೇಳ್ತೀನಿ ಅಂತಿದಾರೆ, ನೋಡೋಣ.

ಕೊರಟಗೆರೆ ಅಣ್ಣ, ಬಜೆ ಕಾಲು ಕೆಜಿ ಬೇಕಿತ್ತು, ಯಾರಾದ್ರೂ ಈ ಕಡೆ ಬಸ್ಸಿಗೆ ಬರೋರಿದ್ರೆ ಕಳಿಸ್ಕೊಡ್ತೀರಾ?

ಕೊರಟಗೆರೆ_ಸೀಮೆ

ಕಾಲು ಕೆಜಿ ಏನ್ ಮಾಡ್ತೀಯ ಮಾರಾಯ, 143 ಪುಸ್ತಕಕ್ಕೆ ನಾಕು ಬೇರು ಸಾಕು. ಸೋಮವಾರ ನಾನೇ ತುಮಕೂರಿಗೆ ಬರೋದೈತೆ, ಫೋನ್ ಮಾಡ್ತೀನಿ. ದುಡ್ಡು ಬೇಡ, ಒಂದು ಮಾಂಡ್ರೇಕ್ ಓದಕ್ಕೆ ಕೊಡು, ಅಲ್ಲೇ ಕೂತು ಓದಿ ವಾಪಸ್ ಕೊಡ್ತೀನಿ.